ಮನೆಯ ಬ್ರಾಡ್‌ಬ್ಯಾಂಡ್ ಬದಲಾವಣೆ: ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಮೊಬೈಲ್ ಗ್ರಾಹಕರು ತಮ್ಮ ಸಂಖ್ಯೆಯನ್ನು ಉಳಿಸಿಕೊಂಡೇ ಬೇರೊಂದು ಕಂಪನಿಗೆ ಹೋಗುವ ಸೌಲಭ್ಯವು 2011ರ ಜನವರಿಯಿಂದ ದೇಶದಾದ್ಯಂತ ಜಾರಿಯಲ್ಲಿದೆ. ಅಲ್ಲಿ ಸಂಕೇತ ಸಂಖ್ಯೆಯೊಂದನ್ನು ಪಡೆದು ಹೊಸ ಕಂಪನಿಗೆ ಕೊಟ್ಟರೆ, ಹಳೆಯ ಸಂಪರ್ಕದ ಮುಕ್ತಾಯವೂ ಅದರೊಡನೆಯೇ ನಡೆಯುತ್ತದೆ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಇಂತಹ ವ್ಯವಸ್ಥೆ ಇಲ್ಲ. ಹೊಸ ಸಂಪರ್ಕವನ್ನು ಪಡೆಯುವುದು ಒಂದು ಕಾರ್ಯ. ಹಳೆಯದನ್ನು ಕೊನೆಗೊಳಿಸುವುದು ಮತ್ತೊಂದು. ಎರಡನ್ನೂ ಗ್ರಾಹಕರೇ ಮಾಡಬೇಕು. ಈ ಭೇದವನ್ನು ಅರಿಯದೆ, ಹಣ ಕಟ್ಟುವುದನ್ನು ನಿಲ್ಲಿಸಿ ಸುಮ್ಮನಾಗುವವರು ಅನೇಕರಿದ್ದಾರೆ. ಮಾಸಿಕ ಬಿಲ್ಲಿನ ಯೋಜನೆಯಲ್ಲಿ ಹಾಗೆ ಮಾಡಿದರೆ ಬಾಕಿ ಬೆಳೆಯುತ್ತ ಹೋಗಿ, ಕೆಲವು ತಿಂಗಳುಗಳ ನಂತರ ವಸೂಲಿ ನೋಟೀಸು ಬರಬಹುದು.

ಮೊದಲು ಹೊಸ ಸಂಪರ್ಕವನ್ನು ಪಡೆದು ಕೆಲವು ದಿನ ಪರೀಕ್ಷಿಸುವುದು ಒಳಿತು. ನಂತರ ಹಳೆಯ ಕಂಪನಿಗೆ ಸೇವೆ ಮುಕ್ತಾಯದ ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಬೇಕು. ಇ-ಮೇಲ್ ಆದರೂ ಸರಿ. ಬಿಲ್ಲು ಕೊಡಲು ಬರುವ ಹುಡುಗನಿಗೋ ಮಾರಾಟ ಪ್ರತಿನಿಧಿಗೋ ಬಾಯಿಮಾತಿನಲ್ಲಿ ಹೇಳಿದ್ದು ಮುಂದೆ ಯಾವ ವಿಚಾರಣೆಯಲ್ಲಿಯೂ ನಿಲ್ಲುವುದು ಕಷ್ಟ. ಕೋರಿಕೆಗೆ ದಾಖಲೆ ಸಂಖ್ಯೆಯನ್ನು ಕೇಳಿ ಪಡೆಯಿರಿ. ಮೋಡೆಮ್, ರೌಟರ್ ಮುಂತಾದವು ಕಂಪನಿಗೆ ಸೇರಿದವಾಗಿದ್ದರೆ, ಅವನ್ನು ಹಿಂದಿರುಗಿಸಿದಾಗ ಉಪಕರಣದ ಕ್ರಮಸಂಖ್ಯೆ ಮತ್ತು ದಿನಾಂಕವುಳ್ಳ ರಸೀದಿಯನ್ನು ಪಡೆಯಲೇಬೇಕು. ಮನೆಗೆ ಬಂದು ಒಯ್ಯುವ ನೌಕರನು ರಸೀದಿ ಕೊಡದಿದ್ದರೆ ಉಪಕರಣವನ್ನು ಕೊಡದಿರುವುದೇ ಮೇಲು. ಠೇವಣಿಯ ಬಗೆಗಿನ ವಿವಾದಗಳು ಬಹುಮಟ್ಟಿಗೆ ಈ ಒಂದು ಚೀಟಿಯ ಮೇಲೆಯೇ ತೀರ್ಮಾನವಾಗುತ್ತವೆ. ಬಾಕಿಯನ್ನು ಕಳೆದು ಉಳಿದ ಠೇವಣಿಯನ್ನು ಹಿಂದೆ ಪಡೆಯುವುದು ಗ್ರಾಹಕರ ಹಕ್ಕು. ಅದು ಕಂಪನಿಯ ಔದಾರ್ಯವಲ್ಲ.

ಬ್ಯಾಂಕ್ ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುವ ಏರ್ಪಾಡು ಮಾಡಿಕೊಂಡಿದ್ದರೆ, ಅಂತಿಮ ಬಿಲ್ಲಿನ ನಂತರ ಅದನ್ನು ರದ್ದುಪಡಿಸಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗ್ರಾಹಕರು ಇಂತಹ ಅನುಮತಿಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಬ್ರಾಡ್‌ಬ್ಯಾಂಡ್‌ನೊಡನೆ ಸ್ಥಿರ ದೂರವಾಣಿಯೂ ಇದ್ದಲ್ಲಿ, ಆ ಸಂಖ್ಯೆಯು ಹೊಸ ಕಂಪನಿಗೆ ವರ್ಗವಾಗುವುದಿಲ್ಲ.

ಕಂಪನಿಯು ಕೋರಿಕೆಗೆ ಕಿವಿಗೊಡದಿದ್ದರೆ ಏನು ಮಾಡಬೇಕು? ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) ಗ್ರಾಹಕರ ವೈಯಕ್ತಿಕ ದೂರುಗಳನ್ನು ತಾನೇ ವಿಚಾರಣೆ ಮಾಡುವುದಿಲ್ಲ. ಅದು 2012ರಲ್ಲಿ ಹೊರಡಿಸಿದ ವಿನಿಯಮಗಳು ಎರಡು ಹಂತಗಳನ್ನು ಗೊತ್ತುಪಡಿಸಿವೆ. ಮೊದಲು ಕಂಪನಿಯ ದೂರು ಕೇಂದ್ರ. ಅಲ್ಲಿ ಪರಿಹಾರ ದೊರೆಯದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಶುಲ್ಕವಿಲ್ಲ; ಅದನ್ನು 39 ದಿನಗಳೊಳಗೆ ಇತ್ಯರ್ಥಪಡಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡಲು ಅವಕಾಶವಿರುವುದು ಹೊರನಾಡಿನ ಕನ್ನಡಿಗರಿಗೆ, ವಿಶೇಷವಾಗಿ ಮನೆಯ ಹಿರಿಯರಿಗೆ, ಅನುಕೂಲವಾಗಿದೆ.

ದೂರವಾಣಿಯ ವಿವಾದಗಳು ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂಬ ವಾದವನ್ನು ಕಂಪನಿಗಳು ಬಹುಕಾಲ ಮಂಡಿಸುತ್ತಿದ್ದವು. ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿ 16ರ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವಂತೂ ದೂರಸಂಪರ್ಕವನ್ನು ಸೇವೆಯ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಮೇಲಾಗಿ, ದೂರುದಾರರು ತಾವು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಲು ಈ ಅಧಿನಿಯಮವು ಅವಕಾಶ ನೀಡಿದೆ. ಹೈದರಾಬಾದಿನಲ್ಲಿದ್ದಾಗ ಕಟ್ಟಿದ ಠೇವಣಿಯು ಹಿಂದಿರುಗದಿದ್ದರೆ, ವರ್ಗವಾಗಿ ಪುಣೆಯಲ್ಲಿ ನೆಲೆಸಿರುವವರು ಪುಣೆಯಲ್ಲಿಯೇ ದೂರು ಕೊಡಬಹುದು. ದೂರಿನ ಕಾರಣವು ಉದ್ಭವಿಸಿದ 2 ವರ್ಷಗಳೊಳಗೆ ಅದನ್ನು ಸಲ್ಲಿಸತಕ್ಕದ್ದು. ಸೇವೆಗಾಗಿ ಪಾವತಿ ಮಾಡಿದ ಮೊತ್ತವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿರುವುದಿಲ್ಲ.