ನೆರವಿಗೆ ಓಡುವ ಮುನ್ನ ತಿಳಿದಿರಲಿ

2021ರ ಜುಲೈ 18ರ ನಸುಕು. ಮುಂಬಯಿಯ ಭಾರೀ ಮಳೆಗೆ ಚೆಂಬೂರು, ವಿಕ್ರೋಲಿಗಳಲ್ಲಿ ಮನೆಗಳು ಕುಸಿದು ಹಲವರು ಸತ್ತರು. ಭಾಂಡುಪ್‌ನಲ್ಲಿ ಗೋಡೆ ಬಿದ್ದು ಹದಿನಾರರ ಹುಡುಗನೊಬ್ಬ ತೀರಿಕೊಂಡ. ಗುಡ್ಡದ ಮಗ್ಗುಲಲ್ಲೇ ಚಾಳುಗಳಿರುವ ಭಾಂಡುಪ್ ಪಶ್ಚಿಮದವರಿಗೆ ಮಳೆಗಾಲವೆಂದರೆ ಈ ಭಯ ಇದ್ದದ್ದೇ. ಪಕ್ಕದ ಮನೆ ಕುಸಿದರೆ ಯಾರೂ ಕೈಕಟ್ಟಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಆದರೆ ಎಲ್ಲಿಯವರೆಗೆ ಕೈಹಾಕಬಹುದು, ಎಲ್ಲಿ ಹಿಂದೆ ಸರಿಯಬೇಕು ಎಂಬುದು ಗೊತ್ತಿರಬೇಕು.

ಅಪಾಯ ಎಲ್ಲಿದೆ?

ಕುಸಿದ ತೊಲೆ, ಸ್ಲ್ಯಾಬುಗಳ ನಡುವಿನ ಪೊಳ್ಳು ಜಾಗದಲ್ಲಿ ಜನ ಬದುಕಿರಬಹುದು. ಮೇಲೆ ಹತ್ತಿದವರ ಭಾರಕ್ಕೆ ಅದು ಮುಚ್ಚಿಕೊಳ್ಳುತ್ತದೆ. ರಕ್ಷಣಾ ತಂಡದವರು ನಡುನಡುವೆ ಯಂತ್ರ ನಿಲ್ಲಿಸಿ ಒಳಗಿನ ದನಿಗೆ ಕಿವಿಗೊಡುತ್ತಾರೆ. ಗದ್ದಲವಿದ್ದರೆ ಆ ದನಿ ಕೇಳಿಸದು. 2024ರ ಮೇ 13ರಂದು ಘಾಟ್‌ಕೋಪರ್‌ನಲ್ಲಿ ಪೆಟ್ರೋಲ್ ಬಂಕಿನ ಮೇಲೆ ಹೋರ್ಡಿಂಗ್ ಬಿದ್ದಾಗ, ಬೆಂಕಿಯ ಭೀತಿಯಿಂದ ಗ್ಯಾಸ್ ಕಟರ್ ಬಳಸುವುದೇ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗೆ (ಎನ್‌ಡಿಆರ್‌ಎಫ್) ಕಷ್ಟವಾಯಿತು. ಅದೇ ವರ್ಷದ ಜುಲೈಯಲ್ಲಿ ಅಂಕೋಲಾದ ಶಿರೂರು ಗುಡ್ಡ ಕುಸಿತದ ಶೋಧದ ವೇಳೆ ಗಂಗಾವಳಿ ನದಿಗೆ ಇಳಿದ ಮಲ್ಪೆಯ ನುರಿತ ಮುಳುಗುಗಾರರೊಬ್ಬರು ಹಗ್ಗ ತುಂಡಾಗಿ ಕೊಚ್ಚಿಹೋದರು. ನೌಕಾಪಡೆಯವರು ಅವರನ್ನು ಕಾಪಾಡಿದರು. ಒಬ್ಬರನ್ನು ಹುಡುಕುವ ತಂಡ ಇನ್ನೊಬ್ಬರನ್ನು ಉಳಿಸಬೇಕಾಗಿ ಬರುವುದು ಹೀಗೆ.

ಕಾನೂನು ಏನು ಹೇಳುತ್ತದೆ?

* ವಿಪತ್ತು ನಿರ್ವಹಣಾ ಕಾಯ್ದೆ, 2005ರ ಸೆಕ್ಷನ್ 34: ಅವಘಡದ ಜಾಗಕ್ಕೆ ಜನರ ಪ್ರವೇಶವನ್ನು ಜಿಲ್ಲಾ ಪ್ರಾಧಿಕಾರ ನಿರ್ಬಂಧಿಸಬಹುದು.
* ಸೆಕ್ಷನ್ 51: ಸಕಾರಣವಿಲ್ಲದೆ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆ, ನಿರ್ದೇಶನ ಮೀರಿದರೆ 1 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಅದರಿಂದ ಪ್ರಾಣಹಾನಿಯಾದರೆ 2 ವರ್ಷದವರೆಗೆ ಜೈಲು.
* ಸೆಕ್ಷನ್ 54: ಭೀತಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹಬ್ಬಿಸುವುದೂ ಅಪರಾಧ. ವಾಟ್ಸಾಪ್‌ನಲ್ಲಿ ಬಂದದ್ದನ್ನು ಮುಂದೆ ಕಳಿಸುವ ಮುನ್ನ ಯೋಚಿಸಿ.
* ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ಎ ನೆರವಿಗೆ ಬಂದವರಿಗೆ ರಕ್ಷಣೆ ಕೊಡುತ್ತದೆ. ಆದರೆ ಅದು ವಾಹನ ಅಪಘಾತಗಳಿಗೆ ಸಂಬಂಧಿಸಿದ್ದು. ಕಟ್ಟಡ ಕುಸಿತದಲ್ಲಿ ಅದನ್ನೇ ನಂಬಿಕೊಳ್ಳಬೇಡಿ.

ನೀವು ಮಾಡಬಹುದಾದದ್ದು

1. ಮುಂಬಯಿ ಪಾಲಿಕೆಯ 1916, ಅಗ್ನಿಶಾಮಕ ದಳದ 101 ಅಥವಾ 112ಕ್ಕೆ ಕರೆ ಮಾಡಿ. ಜಾಗದ ಗುರುತು ಸ್ಪಷ್ಟವಾಗಿ ಹೇಳಿ.
2. ಗಲ್ಲಿಯಲ್ಲಿ ನಿಂತ ಬೈಕು, ರಿಕ್ಷಾ ತೆಗೆಸಿ ಆಂಬುಲೆನ್ಸಿಗೆ ದಾರಿ ಮಾಡಿ.
3. ತಂಡ ಬರುವ ಮುನ್ನ, ಮೇಲೆ ಹತ್ತದೆ ಕೈಗೆಟುಕುವವರಿಗೆ ಮಾತ್ರ ನೆರವಾಗಿ. ತಂಡ ಬಂದ ಮೇಲೆ ಅವರು ಕರೆದರಷ್ಟೇ ಹೋಗಿ.
4. ರಕ್ಷಣೆಗೇ ಇಳಿಯಬೇಕೆಂಬ ಮನಸ್ಸಿದ್ದರೆ ‘ಆಪದಾ ಮಿತ್ರ’ ಯೋಜನೆಯಲ್ಲೋ ನಾಗರಿಕ ರಕ್ಷಣಾ ಪಡೆಯಲ್ಲೋ ಹೆಸರು ನೋಂದಾಯಿಸಿ ತರಬೇತಿ ಪಡೆಯಿರಿ.

ಕುಸಿದ ಮನೆಯಲ್ಲಿ ಎಷ್ಟು ಜನ, ಅಜ್ಜಿ ಮಲಗುತ್ತಿದ್ದದ್ದು ಯಾವ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರ್ ಇದ್ದದ್ದೆಲ್ಲಿ, ರಾತ್ರಿಪಾಳಿಗೆ ಹೋದವರು ಯಾರು? ಇದು ನೆರೆಮನೆಯವರಿಗೆ ಮಾತ್ರ ಗೊತ್ತು. ಎಲ್ಲಿ ಅಗೆಯಬೇಕೆಂದು ತಂಡಕ್ಕೆ ತಿಳಿಯುವುದು ನಿಮ್ಮ ಆ ಮಾತಿನಿಂದಲೇ. ಮೊದಲು ಅದನ್ನು ಹೇಳಿ.