ಪ್ರಶ್ನಾರ್ಥಕ ಚಿಹ್ನೆಯಾದ ಹಲ್ಮೊನಿಯ ಮಾತು

ಹಳೆಯ ಕಂಪ್ಯೂಟರಿನಲ್ಲಿ ಕೊರಿಯನ್ ಟೈಪ್ ಮಾಡಲು ಯಾವ ತಂತ್ರಾಂಶ ಹಾಕಿಕೊಳ್ಳಲಿ ಎಂದು ಈಗಲೂ ಕೆಲವರು ಕೇಳುತ್ತಾರೆ. ಪರದೆಯ ಮೇಲೆ ಅಕ್ಷರ ಹೇಗೆ ಕಾಣುತ್ತದೆಂದು ಆಮೇಲೆ ನೋಡಿ, ಕಡತದೊಳಗೆ ಅದು ಏನಾಗಿ ಉಳಿಯುತ್ತದೆಂದು ಮೊದಲು ನೋಡಿ ಎನ್ನುತ್ತೇನೆ. ನನ್ನ ಮೈದುನನ ಅವಸರದಿಂದ ಕಲಿತ ಪಾಠವಿದು. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

2001ರಲ್ಲಿ ನಾವು ದಕ್ಷಿಣ ಕೊರಿಯಾದ ಸುವಾನ್‌ನಲ್ಲಿದ್ದೆವು. ಮೈಸೂರಿನಿಂದ ಹೊತ್ತೊಯ್ದ ಕಂಪ್ಯೂಟರ್, ಇಂಗ್ಲಿಷ್ ವಿಂಡೋಸ್ 98. ಕೆಳಮನೆಯ ಹಲ್ಮೊನಿ, ಅಂದರೆ ಅಜ್ಜಿ, ಉತ್ತರ ಕೊರಿಯಾದ ಹುಂಗ್ನಾಮ್‌ನವರು. 1950ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆ ಆ ಬಂದರು ಬಿಟ್ಟು ಹೊರಟಾಗ ಸುಮಾರು ಒಂದು ಲಕ್ಷ ನಾಗರಿಕರೂ ಹಡಗು ಹತ್ತಿದರಲ್ಲ, ಅವರಲ್ಲೊಬ್ಬರು. ಗೊಜೆ ದ್ವೀಪದಲ್ಲಿ ಇಳಿದವರು ಮತ್ತೆ ಊರು ನೋಡಲಿಲ್ಲ. ಸಂಜೆ ಅವರು ಹೇಳುತ್ತಿದ್ದರು, ನಾನು ಅವರ ಊರಿನ ಆಡುಮಾತಿನಲ್ಲೇ ಬರೆದುಕೊಳ್ಳುತ್ತಿದ್ದೆ.

ಮೊದಲು ಬಳಸಿದ್ದು ಎನ್‌ಜೆ ಸ್ಟಾರ್‌ನಂಥ, ಇಂಗ್ಲಿಷ್ ವಿಂಡೋಸ್ ಮೇಲೆಯೇ ಕೂತು ಕೊರಿಯನ್ ತೋರಿಸುವ ತಂತ್ರಾಂಶ. ತೊಡಕು ಬೇರೆ ಕಡೆ ಇತ್ತು. ಹಂಗುಲ್ ಲಿಪಿಯಲ್ಲಿ ಮೊದಲ ವ್ಯಂಜನ 19, ಸ್ವರ 21, ಕೊನೆಯ ವ್ಯಂಜನ 27, ಅದಿಲ್ಲದ್ದೂ ಸೇರಿ 28. ಗುಣಿಸಿದರೆ 11,172 ಅಕ್ಷರಗಳು. ಆ ತಂತ್ರಾಂಶ ನೆಚ್ಚಿದ್ದ 1987ರ ಸರ್ಕಾರಿ ಸಂಕೇತದಲ್ಲಿ, ಅಂದರೆ ಎನ್‌ಕೋಡಿಂಗ್‌ನಲ್ಲಿ, ಜಾಗ ಸಿಕ್ಕಿದ್ದು 2,350ಕ್ಕೆ ಮಾತ್ರ. ಪತ್ರಿಕೆಯ ಭಾಷೆಗೆ ಅಷ್ಟು ಸಾಕು. ಹಲ್ಮೊನಿಯ ಉಚ್ಚಾರಣೆಗೆ ಸಾಲಲಿಲ್ಲ. ಅವರ ಮಾತನ್ನು ತಿದ್ದಿ ಬರೆಯಲು ನನಗೆ ಮನಸ್ಸಿರಲಿಲ್ಲ. 1996ರ ಯೂನಿಕೋಡ್ 2.0ರಲ್ಲಿ ಅಷ್ಟೂ ಅಕ್ಷರಗಳಿದ್ದವು. ಹಾಗಾಗಿ ವರ್ಡ್ 2000, ಅದರಲ್ಲಿ ಕೊರಿಯನ್ ಟೈಪ್ ಮಾಡಲು ಮೈಕ್ರೋಸಾಫ್ಟ್‌ನ ಗ್ಲೋಬಲ್ ಐಎಂಇ, ಕೊರಿಯನ್ ಫಾಂಟು ಹಾಕಿಕೊಂಡೆ. ಅಂದಿಗೆ ಅದೇ ಸರಿಯಾದ ಆಯ್ಕೆ, ಇಂದಿಗೂ ಹಾಗೇ ಹೇಳುತ್ತೇನೆ.

ಮೈದುನ ಬಂದದ್ದು ಚಳಿಗಾಲದಲ್ಲಿ. ಕಂಪ್ಯೂಟರ್ ನಿಧಾನವಾಗಿದೆ, ಫಾರ್ಮ್ಯಾಟ್ ಮಾಡಿಕೊಡುತ್ತೇನೆ ಎಂದ. ನಾನು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಸಿದ್ದ. "ಅತ್ತಿಗೆ, ಫೋಟೋ ಎಲ್ಲ ಸೇರಿ ಫೈಲು ಫ್ಲಾಪೀಲಿ ಹಿಡೀಲಿಲ್ಲ. ಬರಹ ಮಾತ್ರ ಟೆಕ್ಸ್ಟ್ ಮಾಡಿಟ್ಟಿದೀನಿ," ಎಂದು ಫ್ಲಾಪಿ ಕೈಗಿಟ್ಟ.

ತೆರೆದೆ. ಎರಡು ಪ್ರಶ್ನಾರ್ಥಕ ಚಿಹ್ನೆ, ಒಂದು ತೆರಪು, ಮೂರು ಪ್ರಶ್ನಾರ್ಥಕ ಚಿಹ್ನೆ, ಅಲ್ಪವಿರಾಮ. ಕೆಳಗೆ ಎಳೆದೆ. ಪುಟದ ಮೇಲೆ ಪುಟ ಅದೇ. ಅಕ್ಷರಕ್ಕೊಂದು ಚಿಹ್ನೆ, ಆದ್ದರಿಂದ ವಾಕ್ಯಗಳ ಉದ್ದಗಲ ಹಾಗೇ ಇತ್ತು. ಪ್ಯಾರಾಗಳು ಅವರು ಉಸಿರು ತೆಗೆದುಕೊಂಡಲ್ಲೇ ಮುರಿದಿದ್ದವು. ಅಂಕಿಗಳು ಮಾತ್ರ ಉಳಿದಿದ್ದವು. 1950 ಅಂತ ಕಂಡಾಗ ಇದು ಬಂದರಿನ ಪುಟ ಎಂದು ಗೊತ್ತಾಯಿತು. ಅಲ್ಲಿ ಅವರು ತಂಗಿಯ ಕೈ ಬಿಟ್ಟುಹೋದದ್ದನ್ನು ಹೇಳಿದ್ದರು. ಯಾವ ಸಾಲಿನಲ್ಲಿ ಎಂದು ಹುಡುಕುತ್ತ ಬೆರಳಿಟ್ಟು ಎಣಿಸುತ್ತಾ ಕೂತೆ. ಫಾಂಟು ಹಾಕಿದರೆ ಬರುತ್ತೆ ಎಂದು ಮೈದುನ ಹಿಂದಿನಿಂದ ಹೇಳುತ್ತಲೇ ಇದ್ದ. ಬರುವುದಿಲ್ಲ. ಪಶ್ಚಿಮ ಯುರೋಪಿನ ಸಂಕೇತದಲ್ಲಿ ಉಳಿಸಿದಾಗ ಕೊರಿಯನ್ನಿಗೆ ಅಲ್ಲಿ ಮನೆಯೇ ಇಲ್ಲ, ಪ್ರತಿ ಅಕ್ಷರವೂ ನಿಜವಾದ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ. ಉಳಿಸುವಾಗ ಬಂದ ಎಚ್ಚರಿಕೆಯನ್ನು ಓದದೆ ಯೆಸ್ ಒತ್ತಿದ್ದನಂತೆ. ಇಷ್ಟು ಓದಿದವನು ಒಂದು ಫೈಲು ತೆರೆದು ನೋಡಬಾರದಿತ್ತೇ?

ನನಗೆ ಕೊರಿಯನ್ ಕಲಿಸುತ್ತಿದ್ದ ಟೀಚರಿಗೆ ಮೊದಮೊದಲ ಪುಟಗಳನ್ನು ಇಮೇಲ್ ಮಾಡಿದ್ದೆ. ಆ ಇಮೇಲನ್ನು ಬ್ರೌಸರಿನಲ್ಲಿ ತೆರೆದಾಗ ಅವು ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳಾಗಿ ಕಂಡವು. ನುಡಿ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಕಡತ ತೆರೆದವರಿಗೆ ಆ ನೋಟ ಹೊಸದಲ್ಲ. ಬ್ರೌಸರಿನ ಎನ್‌ಕೋಡಿಂಗ್ ಪಟ್ಟಿಯಲ್ಲಿ ಕೊರಿಯನ್ ಆರಿಸಿದೆ, ಅಷ್ಟೂ ಪುಟ ಎದ್ದು ಬಂತು. ಕಲಸುಮೇಲೋಗರದಂತೆ ಕಂಡರೆ ಬೈಟುಗಳು ಜೀವಂತ ಇವೆ, ಏನನ್ನೂ ಉಳಿಸದೆ ಮುಚ್ಚಿ, ಸಂಕೇತ ಬದಲಿಸಿ ನೋಡಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮೂಲ ಪ್ರತಿ ಹುಡುಕಿ, ಬೇರೆ ದಾರಿಯಿಲ್ಲ.

ಕಳೆದುಹೋದದ್ದನ್ನು ಹಲ್ಮೊನಿ ಇನ್ನೊಮ್ಮೆ ಹೇಳಿದರು. ಬಂದರಿನ ಭಾಗವನ್ನು ಹಾರಿಸಿಬಿಟ್ಟರು. ಕೇಳಲು ನನಗೆ ಬಾಯಿ ಬರಲಿಲ್ಲ.

ಈಗಲೂ ಹಳೆಯ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ ಹೊರಗಿನ ತಂತ್ರಾಂಶ ಬೇಡ. ಕಂಟ್ರೋಲ್ ಪ್ಯಾನೆಲಿನ ರೀಜನಲ್ ಆಯ್ಕೆಗಳಲ್ಲಿ ಪೂರ್ವ ಏಷ್ಯಾ ಭಾಷೆಗಳಿಗೆ ಗುರುತು ಹಾಕಿ. ಸುಮಾರು 230 ಎಂಬಿ ಜಾಗ, ವಿಂಡೋಸ್ ಸಿಡಿ ಬೇಕು. ಆಮೇಲೆ ಕೊರಿಯನ್ ಕೀಬೋರ್ಡ್ ಸೇರಿಸಿದರೆ ಸಾಮಾನ್ಯವಾಗಿ ಬಲಗಡೆಯ ಆಲ್ಟ್ ಒತ್ತಿ ಭಾಷೆ ಬದಲಿಸಬಹುದು. ವ್ಯಂಜನ ಎಡಗೈಗೆ, ಸ್ವರ ಬಲಗೈಗೆ, ಬೇಗ ರೂಢಿಯಾಗುತ್ತದೆ. ದಕ್ಷಿಣ ಕೊರಿಯಾದ ಸರ್ಕಾರಿ ಕಚೇರಿಗಳ ಹಲವು ಕಾಗದಗಳು ಎಚ್‌ಡಬ್ಲ್ಯೂಪಿ ಕಡತಗಳಾಗಿ ಬರುತ್ತವೆ, ಓದಲು ಹಂಗುಲ್ ವರ್ಡ್ ಪ್ರೊಸೆಸರಿನ ಉಚಿತ ವ್ಯೂವರ್ ಸಾಕು. ಬರಿ ಪಠ್ಯವಾಗಿ ಉಳಿಸುವುದಾದರೆ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆರಿಸಿ. ಒಂದೇ ಪುಟ ಟೈಪ್ ಮಾಡಿ, ಮುಚ್ಚಿ, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಓದಿ, ಎರಡನೆಯ ಪುಟ ಆಮೇಲೆ. ಫಾರ್ಮ್ಯಾಟ್ ಮಾಡಿಕೊಡುತ್ತೇನೆಂದು ಯಾರೇ ಬಂದರೂ ಪ್ರತಿ ತೆರೆದು ತೋರಿಸುವವರೆಗೆ ಡಿಸ್ಕ್ ಮುಟ್ಟಲು ಬಿಡಬೇಡಿ, ಮನೆಯವರಾದರಂತೂ ಖಂಡಿತ ಬೇಡ.