ಹಿರಿಯರ ಮರೆವು: ಮೊದಲು ತಪಾಸಣೆ, ಆಮೇಲೆ ತೀರ್ಮಾನ

ಈ ಬಾರಿಯ ಪ್ರಶ್ನೆಗಳೆಲ್ಲ ಮನೆಯ ಹಿರಿಯರ ಮರೆವು ಮತ್ತು ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದವು. ‘ವಯಸ್ಸಾಯಿತು, ಇನ್ನೇನು ಮಾಡೋಕಾಗುತ್ತೆ’ ಎಂದು ಸುಮ್ಮನಾಗುವ ಮುನ್ನ ದಯವಿಟ್ಟು ಇವನ್ನು ಓದಿ.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ತಂದೆ ತೀರಿಕೊಂಡ ಮೇಲೆ ತುಂಬಾ ಮಂಕಾಗಿದ್ದಾರೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಾರೆ, ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ, ಊಟ ಸೇರುವುದಿಲ್ಲ. ‘ನಂಗೆ ಏನೂ ನೆನಪಿರಲ್ಲ, ನಾನಿದ್ದು ಯಾರಿಗೇನು ಪ್ರಯೋಜನ’ ಎನ್ನುತ್ತಾರೆ. ನೆಂಟರು ಅರಳು ಮರಳು ಎನ್ನುತ್ತಿದ್ದಾರೆ. ಇದು ಡಿಮೆನ್ಷಿಯಾ ಇರಬಹುದೇ?
— ಮಗಳು, ತಿಪಟೂರು

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನನಗೆ ಮೊದಲು ಬರುವ ಅನುಮಾನ ಖಿನ್ನತೆಯದು. ಇಳಿವಯಸ್ಸಿನ ಖಿನ್ನತೆಯಲ್ಲಿ ಅಳು, ದುಃಖ ಅಷ್ಟಾಗಿ ಕಾಣದೆ ಮರೆವು, ನಿದ್ರೆಗೇಡು, ಹಸಿವಿಲ್ಲದಿರುವಿಕೆ, ಮೈಕೈ ನೋವುಗಳೇ ಮುಂದಾಗಿ ಕಾಣುತ್ತವೆ. ಹಾಗಾಗಿ ಮನೆಯವರು ಅದನ್ನು ಡಿಮೆನ್ಷಿಯಾ ಎಂದುಕೊಳ್ಳುವುದುಂಟು.

ಸಾಮಾನ್ಯವಾಗಿ ಖಿನ್ನತೆ ಇರುವವರು ತಮ್ಮ ಮರೆವಿನ ಬಗ್ಗೆ ತಾವೇ ಹೇಳಿಕೊಂಡು ಕೊರಗುತ್ತಾರೆ. ಯಾವಾಗಿನಿಂದ ಶುರುವಾಯಿತು ಎಂಬುದನ್ನೂ ಸುಮಾರಾಗಿ ಗುರುತಿಸಬಹುದು. ಡಿಮೆನ್ಷಿಯಾದಲ್ಲಿ ಮರೆವು ನಿಧಾನವಾಗಿ ಹೆಚ್ಚುತ್ತದೆ. ಮನೆಯವರಿಗೆ ಗಾಬರಿಯಾಗಿದ್ದರೂ ರೋಗಿ ‘ನನಗೇನೂ ಆಗಿಲ್ಲ’ ಎನ್ನುತ್ತಾರೆ. ಎರಡೂ ಒಟ್ಟಿಗೇ ಇರಬಹುದು, ಖಿನ್ನತೆಯೇ ಡಿಮೆನ್ಷಿಯಾದ ಮೊದಲ ಸೂಚನೆಯೂ ಆಗಿರಬಹುದು. ಆದ್ದರಿಂದ ಮನೋವೈದ್ಯರ ಪರೀಕ್ಷೆ ಬೇಕೇ ಬೇಕು.

‘ನಾನಿದ್ದು ಏನು ಪ್ರಯೋಜನ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಕ್ಕದಲ್ಲಿ ಕೂತು, ‘ಸಾಯಬೇಕು ಅಂತ ಅನ್ನಿಸುತ್ತಾ ಅಮ್ಮಾ’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸಿನಲ್ಲಿದ್ದುದು ಹೊರಗೆ ಬರುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಖಿನ್ನತೆಯ ಔಷಧ ಕೆಲಸ ಮಾಡಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ. ಮನಸ್ಸು ಚೇತರಿಸಿಕೊಂಡಂತೆ ಎಷ್ಟೋ ಜನರಲ್ಲಿ ನೆನಪೂ ಸುಧಾರಿಸುತ್ತದೆ.

ಪ್ರಶ್ನೆ: ತಂದೆಗೆ 72 ವರ್ಷ, ನಿವೃತ್ತ ಶಿಕ್ಷಕರು. ಸಕ್ಕರೆ ಕಾಯಿಲೆ ಇದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಮೊನ್ನೆ ಪೇಟೆಯಿಂದ ಬರುವಾಗ ನಮ್ಮ ಬೀದಿಯೇ ಗೊತ್ತಾಗದೆ ನಿಂತುಬಿಟ್ಟಿದ್ದರು. ಅಣ್ಣ ‘ಈ ವಯಸ್ಸಿಗೆ ಇದೆಲ್ಲ ಸಹಜ’ ಎನ್ನುತ್ತಾನೆ.
— ಓದುಗರು, ಹಾವೇರಿ

ಉತ್ತರ: ಪರಿಚಯದವರ ಹೆಸರು ಥಟ್ಟನೆ ಬಾಯಿಗೆ ಬಾರದೆ ಆಮೇಲೆ ಹೊಳೆಯುವುದು, ಕನ್ನಡಕ ಇಟ್ಟ ಜಾಗ ಮರೆಯುವುದು ವಯಸ್ಸಿನ ಮರೆವು. ದಿನಾ ಓಡಾಡುವ ದಾರಿ ತಪ್ಪುವುದು, ಹಣದ ಲೆಕ್ಕ ತೊಡಕಾಗುವುದು, ಗೊತ್ತಿದ್ದ ಕೆಲಸದ ಕ್ರಮವೇ ಮರೆತುಹೋಗುವುದು ಸಹಜವಲ್ಲ. ದೇಶದುದ್ದಕ್ಕೂ ಹಿರಿಯರನ್ನು ಪರೀಕ್ಷಿಸಿದ ‘ಲಾಸಿ-ಡ್ಯಾಡ್’ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಉಳಿದ ಶೇ 90ಕ್ಕೂ ಹೆಚ್ಚು ಜನರಿಗೆ ಇಲ್ಲ. ಬರೀ ವಯಸ್ಸೇ ಕಾರಣವಾಗಿದ್ದರೆ ಎಲ್ಲರಿಗೂ ಬರಬೇಕಿತ್ತಲ್ಲವೇ? ಅಣ್ಣನವರಿಗೆ ಈ ಮಾತು ಹೇಳಿ.

ತಪಾಸಣೆಯ ಮುಖ್ಯ ಉದ್ದೇಶ ಸರಿಪಡಿಸಬಹುದಾದ ಕಾರಣಗಳನ್ನು ಹುಡುಕುವುದು. ವಿಟಮಿನ್ ಬಿ12 ಕೊರತೆ ಸಸ್ಯಾಹಾರಿ ಹಿರಿಯರಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲೂ ಅದು ಕಾಣಿಸುತ್ತದೆ. ಥೈರಾಯ್ಡ್ ಮಂದವಾದರೆ, ರಕ್ತದಲ್ಲಿ ಸೋಡಿಯಂ ಇಳಿದರೆ, ಸಕ್ಕರೆ ಪದೇ ಪದೇ ಕುಸಿದರೆ ಬುದ್ಧಿ ಮಂಕಾಗುತ್ತದೆ. ಸ್ಕ್ಯಾನ್ ಮಾಡಿಸಿದರೆ ಸಣ್ಣಪುಟ್ಟ ಪಾರ್ಶ್ವವಾಯುವಿನ ಗುರುತು, ಹಿಂದೆಂದೋ ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ ಗೊತ್ತಾಗುತ್ತದೆ. ಮರೆವಿನ ಜೊತೆ ಕಾಲೆಳೆದು ನಡೆಯುವುದು, ಮೂತ್ರ ತಡೆಯಲಾಗದಿರುವುದು ಇದ್ದರೆ ಮಿದುಳಿನಲ್ಲಿ ನೀರು ತುಂಬಿರಬಹುದು. ಇದಕ್ಕೆ ಶಸ್ತ್ರಚಿಕಿತ್ಸೆ ಇದೆ. ನಿದ್ರೆ ಮಾತ್ರೆ ಹಾಗೂ ಕೆಲವು ಅಲರ್ಜಿ ಮಾತ್ರೆಗಳೂ ನೆನಪನ್ನು ಕೆಡಿಸುತ್ತವೆ. ಅಂಗಡಿಯಿಂದ ತಾವೇ ತಂದುಕೊಂಡದ್ದೂ ಸೇರಿ ಅವರು ನುಂಗುವ ಎಲ್ಲ ಮಾತ್ರೆಗಳನ್ನು ಚೀಲಕ್ಕೆ ಹಾಕಿ ವೈದ್ಯರ ಮುಂದಿಡಿ.

ಗೊಂದಲ ಒಂದೆರಡು ದಿನದಲ್ಲೇ ದಿಢೀರ್ ಶುರುವಾದರೆ ಕಾಯಬೇಡಿ. ಸೋಂಕು, ನಿರ್ಜಲೀಕರಣ, ಪಾರ್ಶ್ವವಾಯು ಏನಾದರೂ ಆಗಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಒಂದು ವೇಳೆ ಡಿಮೆನ್ಷಿಯಾ ಎಂದೇ ತಿಳಿದುಬಂದರೂ ಬೇಗ ತಿಳಿದದ್ದು ಒಳ್ಳೆಯದೇ. ಬ್ಯಾಂಕು, ಉಯಿಲು, ಮುಂದಿನ ಆರೈಕೆ ಹೇಗಿರಬೇಕೆಂಬುದನ್ನು ಮೇಷ್ಟ್ರು ತಾವೇ ನಿರ್ಧರಿಸಲು ಸಮಯ ಸಿಗುತ್ತದೆ.

ಪ್ರಶ್ನೆ: ನನಗೆ 50 ವರ್ಷ. ತಂದೆಗೆ 76ರಲ್ಲಿ ಅಲ್ಝೈಮರ್ ಬಂತು. ನನಗೂ ಬರುತ್ತದೆಯೇ? ದಿನಾ ಸುಡೊಕು ಮಾಡಿದರೆ ತಪ್ಪಿಸಬಹುದೇ?
— ಓದುಗರು, ಕೋಲಾರ

ಉತ್ತರ: ತಂದೆಗೆ ಇಳಿವಯಸ್ಸಿನಲ್ಲಿ ಬಂದರೆ ನಿಮ್ಮ ಅಪಾಯ ತುಸು ಹೆಚ್ಚುತ್ತದೆ, ಆದರೆ ಬಂದೇ ಬರುತ್ತದೆಂದಲ್ಲ. ಒಂದೇ ಕುಟುಂಬದ ಹಲವರಿಗೆ 60ಕ್ಕೆ ಮೊದಲೇ ಬಂದಿದ್ದರೆ ಮಾತ್ರ ವಂಶವಾಹಿ ತಜ್ಞರನ್ನು ಕಾಣಿ.

ಅಲ್ಝೈಮರ್‌ನ ಬದಲಾವಣೆಗಳು ಮರೆವು ಕಾಣಿಸುವ ಹತ್ತಿಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರುತ್ತವೆ. ಆದ್ದರಿಂದ ನಿಮ್ಮ ಈ ವಯಸ್ಸೇ ತಡೆಯುವ ಕೆಲಸಕ್ಕೆ ಸರಿಯಾದ ಕಾಲ. ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಬಿಪಿ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೊಜ್ಜು, ಧೂಮಪಾನ, ಅತಿಯಾದ ಕುಡಿತ, ವ್ಯಾಯಾಮವಿಲ್ಲದ ಬದುಕು, ಖಿನ್ನತೆ, ಒಂಟಿತನ, ತಲೆಗೆ ಪೆಟ್ಟು, ಕಿವುಡು, ದೃಷ್ಟಿದೋಷ, ವಾಯುಮಾಲಿನ್ಯ, ಕಡಿಮೆ ಶಿಕ್ಷಣ ಅದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು.

ಬಿಪಿಯಿಂದ ಶುರುಮಾಡಿ. ಅಮೆರಿಕದ ‘ಸ್ಪ್ರಿಂಟ್ ಮೈಂಡ್’ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರ ಒಳಗಿಡುವ ಗುರಿಯ ಚಿಕಿತ್ಸೆ ಪಡೆದವರಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಹಂತದ ಮರೆವು ಶೇ 19ರಷ್ಟು ಕಡಿಮೆಯಾಗಿತ್ತು. ನಿಮಗೆ ಎಷ್ಟು ಸೂಕ್ತ ಎಂಬುದನ್ನು ವೈದ್ಯರೇ ಹೇಳಬೇಕು. ಕಿವಿ ಮಂದವಾಗಿದ್ದರೆ ಸಂಕೋಚಪಡದೆ ಶ್ರವಣ ಸಾಧನ ಹಾಕಿಕೊಳ್ಳಿ. ಸುಡೊಕು ಮಾಡಿ, ಅದೊಂದೇ ಸಾಲದು. ಫಿನ್ಲೆಂಡಿನ ‘ಫಿಂಗರ್’ ಪ್ರಯೋಗದಲ್ಲಿ ಫಲ ಸಿಕ್ಕಿದ್ದು ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ಬಿಪಿ-ಸಕ್ಕರೆಯ ನಿಗಾ ನಾಲ್ಕನ್ನೂ ಒಟ್ಟಿಗೆ ಮಾಡಿದ್ದರಿಂದ.

ಕೋಲಾರದವರಾದ ನಿಮಗೆ ಇನ್ನೊಂದು ವಿಷಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ನಿಮ್ಮದೇ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಯ ಜನರನ್ನು ವರ್ಷಗಳ ಕಾಲ ಅನುಸರಿಸುವ ಅಧ್ಯಯನ ನಡೆಸುತ್ತಿದೆ. ನಮ್ಮ ಊಟ, ದುಡಿಮೆ, ವಂಶವಾಹಿ ಎಲ್ಲವೂ ಬೇರೆ. ಪಶ್ಚಿಮದ ಅಂಕಿಅಂಶವನ್ನೇ ನೆಚ್ಚಿಕೊಳ್ಳದೆ ನಮ್ಮವರ ಬಗ್ಗೆ ತಿಳಿಯಲು ಇಂಥ ಕೆಲಸ ಅತ್ಯಗತ್ಯ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಕನ್ನಡ, ತೆಲುಗು ಎರಡನ್ನೂ ಆಡುವ ಕೋಲಾರದಲ್ಲಿ ಎರಡನ್ನೂ ಮಕ್ಕಳಿಗೆ ಉಳಿಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಅಲ್ಝೈಮರ್‌ಗೆ ಹೊಸ ಇಂಜೆಕ್ಷನ್ ಬಂದಿದೆ ಎನ್ನುತ್ತಾನೆ. ನನ್ನ ಹೆಂಡತಿಗೆ ಐದು ವರ್ಷದಿಂದ ಕಾಯಿಲೆ ಇದೆ, ಈಗ ನನ್ನನ್ನೂ ಗುರುತಿಸುವುದಿಲ್ಲ.
— ಓದುಗರು, ಮೈಸೂರು

ಉತ್ತರ: ಮಗ ಹೇಳಿದ್ದು ನಿಜ. ಲೆಕನೆಮ್ಯಾಬ್ ಎಂಬ ಔಷಧಕ್ಕೆ ಅಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಅದು ಮಿದುಳಿನ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುತ್ತದೆ. 18 ತಿಂಗಳ ಪ್ರಯೋಗದಲ್ಲಿ ಕಾಯಿಲೆ ಹೆಚ್ಚುವ ವೇಗ ಶೇ 27ರಷ್ಟು ತಗ್ಗಿತು, ನಿಲ್ಲಲಿಲ್ಲ. ಕೆಲವರಲ್ಲಿ ಮಿದುಳಿನ ಬಾವು, ರಕ್ತಸ್ರಾವ ಆಗುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಇದು ಆರಂಭದ ಹಂತದವರಿಗೆ ಮಾತ್ರ. ನಿಮ್ಮ ಪತ್ನಿಯವರು ಆ ಹಂತ ದಾಟಿದ್ದಾರೆ, ಇದಕ್ಕಾಗಿ ಸಾಲ ಮಾಡಬೇಡಿ. ಡೊನೆಪೆಝಿಲ್, ಮೆಮಂಟೈನ್ ಮಾತ್ರೆಗಳಿಂದ ಲಕ್ಷಣಗಳು ಸ್ವಲ್ಪ ಹತೋಟಿಗೆ ಬರಬಹುದು. ಪರಿಚಿತ ದನಿ, ಹಳೆಯ ಹಾಡು, ಹೊತ್ತಿಗೆ ಸರಿಯಾದ ಊಟ ಇವರಿಗೆ ಈಗ ತುಂಬಾ ಮುಖ್ಯ.

ಪ್ರಶ್ನೆ: ನಮ್ಮ ಯಜಮಾನರಿಗೆ ಡಿಮೆನ್ಷಿಯಾ. ಸಂಜೆಯಾದರೆ ‘ಮನೆಗೆ ಹೋಗ್ಬೇಕು’ ಎಂದು ಹಟ ಮಾಡುತ್ತಾರೆ, ಸೊಸೆ ದುಡ್ಡು ಕದ್ದಳೆಂದು ಕೂಗಾಡುತ್ತಾರೆ. ನನಗೆ ರಾತ್ರಿ ನಿದ್ದೆಯಿಲ್ಲ. ಒಮ್ಮೊಮ್ಮೆ ಬೈದುಬಿಟ್ಟು ಆಮೇಲೆ ಅಳುತ್ತೇನೆ.
— ಗೃಹಿಣಿ, ಸಾಗರ

ಉತ್ತರ: ಅಮ್ಮಾ, ಆ ಆರೋಪ ಮಾಡಿಸುವುದು ಕಾಯಿಲೆ. ಸೊಸೆಗೂ ಇದನ್ನು ಬಿಡಿಸಿ ಹೇಳಿ. ‘ಇದೇ ನಮ್ಮನೆ’ ಎಂದು ವಾದಿಸಿದರೆ ಹಟ ಹೆಚ್ಚುತ್ತದೆ. ‘ಹೋಗೋಣ, ಮೊದಲು ಕಾಫಿ ಕುಡಿಯೋಣ’ ಎಂದು ಗಮನ ಬೇರೆಡೆ ತಿರುಗಿಸಿ. ಕತ್ತಲಾಗುವ ಮೊದಲೇ ದೀಪ ಹಾಕಿ, ಟಿವಿ ಸದ್ದು ತಗ್ಗಿಸಿ, ಹಗಲು ನಿದ್ದೆ ಕಡಿಮೆ ಮಾಡಿಸಿ. ನೋವು, ಮಲಬದ್ಧತೆ, ಮೂತ್ರದ ಸೋಂಕು ಇದೆಯೇ ನೋಡಿಸಿ. ಶಾಂತವಾಗಿರಲೆಂದು ಮಾತ್ರೆಗಳನ್ನು ನೀವೇ ಕೊಡಬೇಡಿ, ಡಿಮೆನ್ಷಿಯಾದವರಲ್ಲಿ ಅಂಥ ಕೆಲವು ಔಷಧಗಳಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಅವರ ಅಂಗಿ ಜೇಬಿನಲ್ಲಿ ಹೆಸರು, ಫೋನ್ ನಂಬರಿನ ಚೀಟಿ ಸದಾ ಇರಲಿ.

ಇನ್ನು ನಿಮ್ಮ ವಿಷಯ. ನಿದ್ದೆಗೆಟ್ಟು ಆರೈಕೆ ಮಾಡುವವರಿಗೆ ಸಿಟ್ಟು ಬರುವುದು, ಆಮೇಲೆ ಅಳು ಬರುವುದು ತಪ್ಪಲ್ಲ. ಆದರೆ ಅದು ನಿಮ್ಮಲ್ಲೂ ಖಿನ್ನತೆ ಶುರುವಾಗುತ್ತಿರುವ ಸೂಚನೆಯಾಗಿರಬಹುದು. ಮಕ್ಕಳಿಗೆ ‘ಸಹಾಯ ಮಾಡಿ’ ಎನ್ನುವ ಬದಲು ವಾರದಲ್ಲಿ ಯಾವ ರಾತ್ರಿ ಯಾರು ಎಚ್ಚರವಿರಬೇಕು ಎಂದು ಹಂಚಿಬಿಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ಸಿಗುವ ನೆರವನ್ನು ಕೇಳಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಆರಂಭಿಸಿರುವ ಮಿದುಳು ಆರೋಗ್ಯ ಕ್ಲಿನಿಕ್ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿದೆಯೇ ವಿಚಾರಿಸಿ. ಮುಂದಿನ ಸಲ ಯಜಮಾನರನ್ನು ತೋರಿಸಲು ಹೋದಾಗ ನಿಮ್ಮ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ, ನಿಮ್ಮ ಬಿಪಿ, ನಿದ್ದೆ, ಮನಸ್ಸಿನ ಬಗ್ಗೆಯೂ ವೈದ್ಯರಿಗೆ ಹೇಳಿ.